ಮೈಕ್ ಇಟ್ಟು ದೂರ ಸರಿಯುವುದು

(ತೀರ್ಥಹಳ್ಳಿಯಲ್ಲಿ ಕೆಲವು ಗೆಳೆಯರು ಸೇರಿ ನಡೆಸುವ ತಿಂಗಳ ಮಾತುಕತೆಯಲ್ಲಿ, ಪುನರ್ವಸು ಮಳೆಯ ಒಂದು ಸಂಜೆ ಆಡಿದ ಮಾತುಗಳಿವು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಅಲ್ಲಿ ಕೇಳಿಸಿದ ಧ್ವನಿಮುದ್ರಣಗಳನ್ನು ಬರಹದಲ್ಲಿ ಕೇಳಿಸಲಾಗದು, ಹಾಗಾಗಿ ಅವುಗಳಲ್ಲಿ ಏನಿತ್ತೆಂದು ವಿವರಿಸಿದ್ದೇನೆ.)

ಮೊದಲಿಗೆ ಒಂದು ಪದದ ತಕರಾರು ಮುಗಿಸಿಬಿಡೋಣ. ನಮ್ಮ ಊರುಗಳಲ್ಲಿ 'ಮೈಕು' ಅಂದರೆ ಯಾವುದು? ಮರದ ತುದಿಗೆ ಕಟ್ಟಿದ ಹಾರನ್ನು. 'ಮೈಕ್ ಹಾಕಿದಾರೆ' ಅಂದರೆ ಯಾರದೋ ಮನೆಯಲ್ಲಿ ಮದುವೆ, ಇಲ್ಲವೇ ಗಣಪತಿ ಕೂರಿಸಿದ್ದಾರೆ, ಇಲ್ಲವೇ ಓಟು ಬಂದಿದೆ. 'ಮೈಕ್ ನಿಲ್ಲಿಸ್ರೋ, ಮಕ್ಕಳಿಗೆ ಪರೀಕ್ಷೆ' ಎಂದು ಬೈಯುತ್ತೇವೆ. ಕೇಳುವ ಯಂತ್ರದ ಹೆಸರನ್ನು ಕೂಗುವ ಯಂತ್ರಕ್ಕೆ ಇಟ್ಟು ಎಷ್ಟೋ ಕಾಲವಾಯಿತು. ನಿಜವಾದ ಮೈಕು ಉಸಿರೂ ಎತ್ತುವುದಿಲ್ಲ, ಅದೊಂದು ಕಿವಿ. ಆ ಕಿವಿಯನ್ನು ಎಲ್ಲಿ ಇಡಬೇಕು ಎಂಬ ಒಂದೇ ಪ್ರಶ್ನೆಯ ಹಿಂದೆ ಜೀವಮಾನವಿಡೀ ಓಡಾಡಿದ ಒಬ್ಬರ ಬಗ್ಗೆ ಇವತ್ತು ಹೇಳಬೇಕೆಂದಿದ್ದೇನೆ. ಹೆಸರು ಕ್ರಿಸ್ ವಾಟ್ಸನ್. ಇಂಗ್ಲೆಂಡಿನ ಶೆಫೀಲ್ಡ್ ಊರಿನವರು.

ನಾನು ಈ ವಿಷಯಕ್ಕೆ ಬಂದದ್ದು ಮಾತ್ರ ಕೂಗುವ ಮೈಕಿನ ದಾರಿಯಿಂದಲೇ. ನಮ್ಮ ಅಪ್ಪಯ್ಯ ಆಗುಂಬೆ ಕಡೆಯ ಹಳ್ಳಿಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಎರಡು ಹಾರನ್ನು, ಒಂದು ಆಂಪ್ಲಿಫೈಯರ್, ಒಂದು ಲಾರಿ ಬ್ಯಾಟರಿ, ಪೆಟ್ಟಿಗೆ ತುಂಬ ಕ್ಯಾಸೆಟ್ಟು, ಇಷ್ಟೇ ಬಂಡವಾಳ. ನಮ್ಮಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲವಲ್ಲ, ಒಂದು ಮನೆ ಈ ಕಣಿವೆಯಲ್ಲಾದರೆ ಇನ್ನೊಂದು ಗುಡ್ಡದ ಆಚೆ. ಮದುವೆಮನೆಯವರಿಗೆ ಗುಡ್ಡದಾಚೆಯ ನೆಂಟರಿಗೂ ಹಾಡು ಕೇಳಿಸಬೇಕೆಂಬ ಹಟ. ಹಾರನ್ನಿನ ಬಾಯಿ ಯಾವ ಕಡೆ ತಿರುಗಿದರೆ ದೂರ ಹೋಗುತ್ತದೆ ಎಂದು ನೋಡಲು ಅಪ್ಪಯ್ಯ ನನ್ನನ್ನು ಎದುರು ಗುಡ್ಡಕ್ಕೆ ಹತ್ತಿಸುತ್ತಿದ್ದರು. 'ಕೇಳ್ತದಾ ಇಲ್ವಾ ನೋಡ್ಕೊಂಡು ಬಾ ಮಾರಾಯ' ಅಂತ. ಕೇಳಿಸಿದರೆ ಟವಲು ಬೀಸಬೇಕು. ಅಷ್ಟೇ ನನ್ನ ನೌಕರಿ.

ಆದರೆ ಹಾಡು ಬೇಗ ಶುರುವಾಗುತ್ತಿರಲಿಲ್ಲ. ವೈರು ಎಳೆಯಬೇಕು, ಬ್ಯಾಟರಿಗೆ ಕ್ಲಿಪ್ಪು ಸಿಕ್ಕಿಸಬೇಕು, ಕ್ಯಾಸೆಟ್ಟಿನ ಸಿಕ್ಕು ಬಿಡಿಸಬೇಕು. ನಾನು ಹದಿನೈದು ಇಪ್ಪತ್ತು ನಿಮಿಷ ಗುಡ್ಡದ ಮೇಲೆ ಸುಮ್ಮನೆ ನಿಂತಿರುತ್ತಿದ್ದೆ, ಕಿವಿ ಮಾತ್ರ ನೆಟ್ಟಗೆ. ಯಾರದೋ ಬಾವಿಯ ಗಾಲಿ ಕಿರುಗುಟ್ಟುವುದು ಕೇಳುತ್ತಿತ್ತು. ಕೊಟ್ಟಿಗೆಯ ಕರು. ಮಂಗ ಓಡಿಸಲು ಡಬ್ಬ ಬಡಿಯುವವರು. ಕೆಳಗೆ ಒಬ್ಬರು ಸೌದೆ ಒಡೆಯುತ್ತಿದ್ದರೆ, ಕೊಡಲಿ ಬಿದ್ದು ಮತ್ತೆ ಮೇಲೇಳುವ ಹೊತ್ತಿಗೆ ನನಗೆ 'ಟಕ್' ಕೇಳಿಸುತ್ತಿತ್ತು. ಶಬ್ದಕ್ಕೆ ಸೆಕೆಂಡಿಗೆ ಸುಮಾರು 340 ಮೀಟರ್ ವೇಗ, ಅರ್ಧ ಕಿಲೋಮೀಟರ್ ಬರಲು ಒಂದೂವರೆ ಸೆಕೆಂಡ್ ಬೇಕು ಅನ್ನುವುದೆಲ್ಲ ಆಮೇಲೆ ಶಾಲೆಯಲ್ಲಿ ಕಲಿತದ್ದು, ಈಗ ನಾನೇ ಮಕ್ಕಳಿಗೆ ಕಲಿಸುವುದು. ಆಗ ಅದೊಂದು ಮಾಟದ ಹಾಗಿತ್ತು. ಕೊನೆಗೆ ಹಾರನ್ನು 'ಹಲೋ ಹಲೋ' ಅಂದಾಗ ಇದೆಲ್ಲ ಮುಳುಗಿ ಹೋಗುತ್ತಿತ್ತು. ನಾನು ಟವಲು ಬೀಸುತ್ತಿದ್ದೆ.

ವಾಟ್ಸನ್ ಅವರ ಕಥೆಯೂ ಹುಡುಗನಾಗಿದ್ದಾಗಲೇ ಶುರುವಾಗುತ್ತದೆ. ಅವರ ತಂದೆತಾಯಿ ಮಗನಿಗೆ ಒಂದು ಪುಟ್ಟ ಟೇಪ್ ರೆಕಾರ್ಡರ್ ಕೊಡಿಸಿದರು, ಸುರುಳಿ ಟೇಪಿನದು, ಕೈಯಲ್ಲಿ ಎತ್ತಿಕೊಂಡು ಹೋಗುವಂಥದ್ದು. ಕೆಲವು ದಿನ ಮನೆಯೊಳಗಿನ ಶಬ್ದಗಳನ್ನೆಲ್ಲ ಹಿಡಿದದ್ದಾಯಿತು. ಒಂದು ದಿನ ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದರೆ, ಅಂಗಳದಲ್ಲಿ ಹಕ್ಕಿಗಳಿಗೆ ಕಾಳು ಹಾಕುವ ಮಣೆಯ ಮೇಲೆ ಹಕ್ಕಿಗಳು ಕಿತ್ತಾಡುತ್ತಿವೆ, ಗಾಜಿನಾಚೆ ಇರುವುದರಿಂದ ಏನೂ ಕೇಳುತ್ತಿಲ್ಲ. ಮೂಕಿ ಸಿನಿಮಾ. ಹುಡುಗ ಯಂತ್ರವನ್ನು ಒಯ್ದು ಕಾಳಿನ ನಡುವೆ ಇಟ್ಟು, ಗುಂಡಿ ಒತ್ತಿ, ಒಳಗೆ ಓಡಿಬಂದ. ಟೇಪು ಮುಗಿದ ಮೇಲೆ ತಂದು ಹಾಕಿ ಕೇಳಿದರೆ ರೆಕ್ಕೆ ಬಡಿತ, ಕೊಕ್ಕು ಕುಟ್ಟುವುದು, ಉಗುರು ಕೆರೆಯುವುದು, ಎಲ್ಲ ಕಿವಿಗೆ ಅಂಟಿಕೊಂಡ ಹಾಗೆ. ತಾನು ಅಲ್ಲಿ ನಿಂತಿದ್ದರೆ ಹಕ್ಕಿಗಳು ಬರುತ್ತಲೇ ಇರಲಿಲ್ಲ. ತಾನು ಹೋಗಲಾರದ ಜಾಗಕ್ಕೆ ತನ್ನ ಕಿವಿ ಹೋಗಬಹುದು, ಆದರೆ ತಾನು ಅಲ್ಲಿಂದ ಎದ್ದು ಬರಬೇಕು ಎಂಬುದು ಆ ಹುಡುಗನಿಗೆ ಅವತ್ತು ಹೊಳೆಯಿತು. ಅವರು ಮುಂದೆ ಮಾಡಿದ್ದರಲ್ಲಿ ಬಹುಪಾಲು ಈ ಕಾಳಿನ ಮಣೆಯ ವಿಸ್ತರಣೆ ಎಂದೇ ನನಗೆ ಅನ್ನಿಸುತ್ತದೆ.

ಶೆಫೀಲ್ಡ್ ಎಂದರೆ ಅವರ ಭದ್ರಾವತಿ ಅಂದುಕೊಳ್ಳಿ, ಉಕ್ಕಿನ ಊರು. ಹಗಲು ರಾತ್ರಿ ಸುತ್ತಿಗೆಯ ಸದ್ದಿನಲ್ಲಿ ಬೆಳೆದ ಹುಡುಗರಿಗೆ ಗಿಟಾರಿನ ನಯ ಸಾಕಾಗದೆ ಇದ್ದದ್ದು ಸಹಜವೇ. ಟೆಲಿಫೋನ್ ಎಂಜಿನಿಯರ್ ಆಗಿ ದುಡಿಯುತ್ತಿದ್ದ ವಾಟ್ಸನ್, ರಿಚರ್ಡ್ ಕರ್ಕ್ ಮತ್ತು ಸ್ಟೀಫನ್ ಮ್ಯಾಲಿಂಡರ್ ಜೊತೆ ಸೇರಿ 1973ರಲ್ಲಿ 'ಕ್ಯಾಬರೆ ವೋಲ್ಟೇರ್' ಎಂಬ ತಂಡ ಕಟ್ಟಿದರು. ಜ್ಯೂರಿಕ್‌ನಲ್ಲಿ 1916ರಲ್ಲಿ 'ದಾದಾ' ಎಂಬ, ಕಲೆಯ ಕಟ್ಟುಪಾಡುಗಳನ್ನೇ ಗೇಲಿ ಮಾಡಿದ ಪಂಥದ ಕಲಾವಿದರು ಕಲೆಯುತ್ತಿದ್ದ ಜಾಗದ ಹೆಸರದು. ಟೇಪು ಕತ್ತರಿಸಿ ಅಂಟಿಸುವುದು, ಯಂತ್ರದ ಗೊರಗೊರವನ್ನೇ ತಾಳ ಮಾಡುವುದು, ಇವೆಲ್ಲ ಅವರ ಆಟ. ಆ ತಂಡಕ್ಕೆ ಹೆಸರು ಬಂತು. ಹೆಸರು ಬರುತ್ತಿರುವಾಗಲೇ, 1981ರಲ್ಲಿ, ವಾಟ್ಸನ್ ಅದನ್ನು ಬಿಟ್ಟು ಟೈನ್ ಟೀಸ್ ಟೆಲಿವಿಷನ್‌ಗೆ ಧ್ವನಿಯ ಕೆಲಸಕ್ಕೆ ಸೇರಿಕೊಂಡರು. ವೇದಿಕೆಯಿಂದ ಇಳಿದು ಕೂಲಿಗೆ ಹೋದ ಹಾಗೆ. ಆ ತಂಡದ ಹಾಡುಗಳನ್ನು ನಾನು ಹೆಚ್ಚು ಹೊತ್ತು ಕೇಳಲಾರೆ, ತಲೆ ನೋಯುತ್ತದೆ. ಅವರು ಬಿಟ್ಟು ಬಂದದ್ದು ನನಗಂತೂ ಲಾಭವಾಯಿತು.

ಡೇವಿಡ್ ಅಟೆನ್‌ಬರೋ ಅವರ ಪ್ರಾಣಿಪಕ್ಷಿಗಳ ಸರಣಿಗಳನ್ನು ನೀವು ನೋಡಿರುತ್ತೀರಿ. ಅವುಗಳಲ್ಲಿ ಹಲವಕ್ಕೆ ಧ್ವನಿ ಹಿಡಿದವರು ಇವರು. ಹಕ್ಕಿಗಳ ಬದುಕಿನ ಸರಣಿಯ ಧ್ವನಿಗೆ, ಬ್ರಿಟನ್ನಿನಲ್ಲಿ ಸಿನಿಮಾ ಟಿವಿಗೆ ಕೊಡುವ ಬಾಫ್ಟಾ ಪ್ರಶಸ್ತಿಯೂ ಬಂತು. ಇಲ್ಲೊಂದು ಕಸುಬಿನ ಗುಟ್ಟಿದೆ. ಕ್ಯಾಮೆರಾದವರು ಎರಡು ಫರ್ಲಾಂಗ್ ದೂರದಿಂದ ಹುಲಿಯ ಮೀಸೆ ತೋರಿಸಬಲ್ಲರು, ಅವರಿಗೆ ಉದ್ದದ ಲೆನ್ಸಿದೆ. ಕಿವಿಗೆ ಅಂಥ ಲೆನ್ಸಿಲ್ಲ. ಉದ್ದನೆಯ ಗನ್ ಮೈಕು, ಬಾಣಲೆಯಂಥ ತಟ್ಟೆ ಮೈಕು ಎಲ್ಲ ಇವೆ, ಆದರೆ ಗನ್ ಮೈಕು ದೂರದ್ದನ್ನು ಹತ್ತಿರ ತರುವುದಿಲ್ಲ, ಅಕ್ಕಪಕ್ಕದ ಗಲಾಟೆಯನ್ನು ಒಂದಿಷ್ಟು ದೂರ ತಳ್ಳುತ್ತದೆ, ಅಷ್ಟೇ. ತಟ್ಟೆ ಏರುದನಿಗಳನ್ನು ಒಟ್ಟುಮಾಡಿ ಹೆಚ್ಚಿಸುತ್ತದೆ, ತಗ್ಗಿದ ದನಿಗಳು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಬಯಲಿನಲ್ಲಿ ಶಬ್ದದ ಲೆಕ್ಕ ಹೀಗಿದೆ: ದೂರ ಅರ್ಧವಾದರೆ 6 ಡೆಸಿಬೆಲ್ ಹೆಚ್ಚು ಸಿಗುತ್ತದೆ. 32 ಮೀಟರ್ ದೂರದಲ್ಲಿದ್ದ ಮೈಕು 1 ಮೀಟರಿಗೆ ಬಂದರೆ ಐದು ಸಲ ಅರ್ಧವಾದಂತೆ, 30 ಡೆಸಿಬೆಲ್. ಇಷ್ಟನ್ನು ಗುಂಡಿ ತಿರುಗಿಸಿ ಪಡೆಯಲು ಹೋದರೆ ಜೊತೆಗೆ ಇಡೀ ಊರಿನ ಗದ್ದಲವೂ ಎದ್ದು ಬರುತ್ತದೆ. ಹಾಗಾಗಿ ಮೈಕೇ ನಡೆದು ಹೋಗಬೇಕು.

ಕೀನ್ಯಾದ ಮಸಾಯ್ ಮಾರಾದಲ್ಲಿ ಅವರು ಮಾಡಿದ್ದನ್ನು ಕೇಳಿ. ಸತ್ತ ಜೀಬ್ರಾ ಒಂದು ಬಿದ್ದಿತ್ತು. ರಣಹದ್ದುಗಳು ಬರುವುದು ಖಚಿತ. ವಾಟ್ಸನ್ ಬೆರಳ ತುದಿಯಷ್ಟರ ಮೈಕುಗಳನ್ನು ಆ ಹೆಣದ ಪಕ್ಕೆಲುಬಿನ ಗೂಡಿನೊಳಗೆ ಸಿಕ್ಕಿಸಿ, ಉದ್ದಕ್ಕೆ ಕೇಬಲ್ ಎಳೆದುಕೊಂಡು ದೂರ ಹೋಗಿ ಕೂತರು. 1998ರ ಒಂದು ಆಲ್ಬಮ್ಮಿನಲ್ಲಿ ಅದಿದೆ. (ಇಲ್ಲಿ ಆ ಮುದ್ರಣದ ಒಂದು ನಿಮಿಷ ಕೇಳಿಸಿದೆ. ಮೊದಲು ನೊಣಗಳ ಗುಂಯ್‌ಗುಟ್ಟುವಿಕೆ, ಆಮೇಲೆ ದೊಡ್ಡ ರೆಕ್ಕೆಗಳು ಮಡಚುವ ಸದ್ದು, ಚರ್ಮ ಹರಿಯುವುದು, ಹಿಸ್ಸೆಂದು ಒಂದಕ್ಕೊಂದು ಹೆದರಿಸುವುದು. ಮುಂದಿನ ಸಾಲಿನ ಇಬ್ಬರು ಮುಖ ಕಿವುಚಿದರು.) ಗಮನಿಸಿದಿರಾ? ಹದ್ದು ತಿನ್ನುವುದನ್ನು ಇದುವರೆಗೆ ನಾವು ನೋಡಿದ್ದೆಲ್ಲ ಹದ್ದಿನ ಬೆನ್ನ ಹಿಂದೆ ನಿಂತು. ಇಲ್ಲಿ ನಾವು ಜೀಬ್ರಾ ಆಗಿದ್ದೇವೆ. ತಿನ್ನಿಸಿಕೊಳ್ಳುವವರ ಜಾಗದಲ್ಲಿದ್ದೇವೆ. ಇದನ್ನು ಕಣ್ಣಿಗೆ ಮಾಡಿ ತೋರಿಸಿದ್ದರೆ ಭಯದ ಸಿನಿಮಾ ಆಗುತ್ತಿತ್ತು. ಕಿವಿಗೆ ಮಾತ್ರ ಬಂದುದರಿಂದ ಅದು ಒಂದು ಊಟ, ಬಲು ಗಡಿಬಿಡಿಯ ಪಂಕ್ತಿಯೂಟ.

ಟಿವಿಗೆ ಧ್ವನಿ ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ. ಹಾಗಾದರೆ ಇವರನ್ನು ಧ್ವನಿ ಕಲಾವಿದ ಎನ್ನುವುದು ಯಾಕೆ? ಅದಕ್ಕೆ 2003ರ 'ವೆದರ್ ರಿಪೋರ್ಟ್' ಎಂಬ ಆಲ್ಬಮ್ಮಿಗೆ ಬರಬೇಕು. ಮೂರೇ ತುಣುಕು, ಒಂದೊಂದೂ 18 ನಿಮಿಷ. ಮೊದಲನೆಯದರಲ್ಲಿ ಮಸಾಯ್ ಮಾರಾದ 14 ಗಂಟೆಗಳ ಒಂದು ಹಗಲು. ಎರಡನೆಯದರಲ್ಲಿ ಸ್ಕಾಟ್ಲೆಂಡಿನ ಒಂದು ಕಣಿವೆ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಚಳಿಗಾಲಕ್ಕೆ ಹೊರಳುವುದು. ಮೂರನೆಯದು ಐಸ್‌ಲ್ಯಾಂಡಿನ ವಾಟ್ನಯೋಕುಲ್ ಎಂಬ ಹಿಮನದಿ, ಹತ್ತು ಸಾವಿರ ವರ್ಷದ ಮಂಜುಗಡ್ಡೆ ಸಮುದ್ರಕ್ಕೆ ಇಳಿಯುವ ಪಯಣ. ಮಾತಿಲ್ಲ, ವಾದ್ಯವಿಲ್ಲ, ವಿವರಣೆ ಕೊಡುವವರಿಲ್ಲ.

ಇಷ್ಟು ಹೇಳುವಾಗ ನಿವೃತ್ತ ಮೇಷ್ಟರೊಬ್ಬರು ಕೈ ಎತ್ತಿದರು. 'ಹದಿನಾಲ್ಕು ಗಂಟೆ ಹದಿನೆಂಟು ನಿಮಿಷ ಆದ್ರೆ ಅದು ಸುಳ್ಳಲ್ವೇನ್ರಿ? ಅಲ್ಲಿ ಹೋಗಿ ಕೂತವನಿಗೆ ಹಾಗೆ ಕೇಳ್ಸೋದೇ ಇಲ್ಲ.' ಸರಿಯಾದ ಪ್ರಶ್ನೆ. ನನಗೆ ಹೊಳೆದ ಉತ್ತರ ಆಲೆಮನೆಯದು. ಕೊಪ್ಪರಿಗೆಗೆ ಸುರಿದ ಕಬ್ಬಿನ ಹಾಲು ಕಾದು ಕಾದು ಜೋನಿಬೆಲ್ಲವಾಗಿ ತಳಕ್ಕಿಳಿಯುತ್ತದೆ. ಹೊರಗಿನಿಂದ ಏನೂ ಸೇರಿಸಿಲ್ಲ, ನೀರು ಹೋಗಿದೆ. ಜೋನಿಬೆಲ್ಲ ಕಬ್ಬಿನ ಹಾಲಲ್ಲ, ಒಪ್ಪಿದೆ, ಆದರೆ ಕಬ್ಬಿನ ಸುಳ್ಳೂ ಅಲ್ಲ. ಯಾವಾಗ ಇಳಿಸಬೇಕು ಅನ್ನುವುದು ಪಾಕ ಗೊತ್ತಿರುವವರಿಗೆ ಬಿಟ್ಟದ್ದು. ಮೇಷ್ಟರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ನನಗೂ ಪೂರ್ತಿ ಆಗಿಲ್ಲ. ಪ್ರಕೃತಿಚಿತ್ರಗಳಲ್ಲಿ ಸ್ಟುಡಿಯೋದಲ್ಲಿ ಕೂತು ಹೆಜ್ಜೆಸದ್ದು ಮಾಡಿ ಕೂಡಿಸುವುದು ನಡೆದೇ ಇದೆ. ಅಲ್ಲೇ ಸಿಕ್ಕಿದ ಶಬ್ದವನ್ನು ಭಟ್ಟಿಯಿಳಿಸುವುದಕ್ಕೂ ಅದಕ್ಕೂ ನಡುವೆ ಗೆರೆ ಎಳೆಯಬಹುದು ಎಂದಷ್ಟೇ ಹೇಳಬಲ್ಲೆ.

ಈ ಹೊತ್ತಿಗೆ ಕರೆಂಟು ಹೋಯಿತು. ಪುನರ್ವಸು, ಆಶ್ಚರ್ಯವೇನಿಲ್ಲ. ನನ್ನ ಸಣ್ಣ ಸ್ಪೀಕರಿಗೆ ಬ್ಯಾಟರಿ ಇದ್ದುದರಿಂದ ಮುಂದುವರಿಸಬಹುದು ಅಂದುಕೊಂಡು, ಆಗುಂಬೆಯಲ್ಲಿ ನಾನೇ ಹಿಡಿದ ಮಳೆಯ ಮುದ್ರಣವೊಂದನ್ನು ಹಾಕಿದೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ನಿಜವಾದ ಮಳೆ ಸಭಾಂಗಣದ ಶೀಟಿನ ಮೇಲೆ ಬಂದು ಕೂತಿತು. ನನ್ನ ಮಳೆ ಯಾರಿಗೂ ಕೇಳಲಿಲ್ಲ, ನನ್ನ ಮಾತೂ ಕೇಳಲಿಲ್ಲ. ಕಾಲು ಗಂಟೆ ಎಲ್ಲರೂ ಕತ್ತಲಲ್ಲಿ ಸುಮ್ಮನೆ ಕೂತೆವು.

ಮಳೆ ಸ್ವಲ್ಪ ಹಿಂಗಿದ ಮೇಲೆ ಬರೆದುಕೊಂಡು ಬಂದಿದ್ದನ್ನು ಬದಿಗಿಟ್ಟು ಮಾಡಿನ ಮಾತೇ ಆಡಿದೆ. ನನ್ನ ಅಜ್ಜನ ಮನೆಗೆ ಅಡಿಕೆ ಸೋಗೆಯ ಮಾಡು. ಸೋಗೆಯ ಮೇಲೆ ಎಂಥ ಮಳೆ ಬಿದ್ದರೂ ಒಳಗೆ ಶಬ್ದವೇ ಇಲ್ಲ. ಪದರ ಪದರ ಸೋಗೆ, ನಡುವೆ ಗಾಳಿ, ಹನಿಯ ಹೊಡೆತ ಅಲ್ಲೇ ಇಂಗಿಹೋಗುತ್ತದೆ. ಸೂರಂಚಿನಿಂದ ಅಂಗಳಕ್ಕೆ ಇಳಿಯುವ ನೀರಿನ ಸದ್ದಿನಿಂದಲೇ ಮಳೆಯ ಅಂದಾಜು ಮಾಡಬೇಕು. ಅಪ್ಪಯ್ಯ ಹಂಚು ಹೊದೆಸಿದರು. ಹಂಚಿನ ಮೇಲೆ ಮಳೆ ಪರಪರ ಅನ್ನುತ್ತದೆ, ಮಾತು ಸ್ವಲ್ಪ ಏರಿಸಿದರೆ ಸಾಕು. ನಾನು ಶೀಟು ಹಾಕಿಸಿದೆ. ತೆಳ್ಳಗಿನ ತಗಡು ಎಂದರೆ ಬಿಗಿದ ಚರ್ಮವಿದ್ದ ಹಾಗೆ, ಒಂದೊಂದು ಹನಿಯೂ ಅದಕ್ಕೆ ಒಂದೊಂದು ಪೆಟ್ಟು. ಮೂರು ತಲೆಮಾರಿನಲ್ಲಿ ಮಳೆ ಅದೇ, ಮನೆಯೊಳಗೆ ಅದು ಮಾತಾಡುವ ರೀತಿ ಮೂರು ಸಲ ಬದಲಾಗಿದೆ. ಸೋನೆ, ಜಡಿ, ಜಿಟಿಜಿಟಿ, ಧೋ ಎಂದು ಮಳೆಗೆ ಕಿವಿಯಿಂದಲೇ ಹೆಸರಿಟ್ಟ ಭಾಷೆ ನಮ್ಮದು. ಶೀಟಿನ ಮನೆಯಲ್ಲಿ ಹುಟ್ಟಿದ ನನ್ನ ಮಗಳಿಗೆ ಸೋನೆಯೂ ಜಡಿಯೂ ಒಂದೇ ಗದ್ದಲ. ಶಬ್ದವನ್ನು ಹಿಡಿದಿಡಬೇಕು ಎಂದು ನನಗೆ ಮೊದಲು ಅನ್ನಿಸಿದ್ದು ಈ ಮಾಡಿನ ವಿಷಯದಿಂದ. ವಾಟ್ಸನ್ ಹೆಸರು ಕೇಳುವುದಕ್ಕೂ ಮುಂಚೆ.

ಕಳೆದುಹೋದ ಶಬ್ದ ಅಂದಾಗ ಅವರ ರೈಲಿನ ಆಲ್ಬಮ್ ಬಗ್ಗೆ ಹೇಳಲೇಬೇಕು, ನನಗೆ ಅವರ ಕೆಲಸದಲ್ಲೇ ತುಂಬ ಇಷ್ಟವಾದದ್ದು ಅದು. ಬಿಬಿಸಿಯ ರೈಲು ಪ್ರಯಾಣದ ಸರಣಿಯೊಂದಕ್ಕೆ ಧ್ವನಿಯವರಾಗಿ ಮೆಕ್ಸಿಕೋಗೆ ಹೋಗಿದ್ದರು. ಅಲ್ಲಿಯ ರಾಷ್ಟ್ರೀಯ ರೈಲ್ವೆಯ ಗಾಡಿಯಲ್ಲಿ ಪೆಸಿಫಿಕ್ ಕರಾವಳಿ ಕಡೆಯ ಲೋಸ್ ಮೋಚಿಸ್‌ನಿಂದ ಅಟ್ಲಾಂಟಿಕ್ ಬದಿಯ ವೆರಾಕ್ರೂಸ್‌ವರೆಗೆ, ಸಮುದ್ರದಿಂದ ಸಮುದ್ರಕ್ಕೆ. ಆಮೇಲೆ ಆ ರೈಲ್ವೆ ಖಾಸಗಿಯವರ ಪಾಲಾಗಿ ಆ ಪ್ರಯಾಣವೇ ಇಲ್ಲವಾಯಿತು. ಇಲ್ಲದ ರೈಲನ್ನು ಅವರು 2011ರಲ್ಲಿ 'ಎಲ್ ಟ್ರೆನ್ ಫಾಂಟಾಸ್ಮ' ಎಂಬ ಹೆಸರಿನಲ್ಲಿ ಮತ್ತೆ ಓಡಿಸಿದರು, ಭೂತದ ರೈಲು ಅಂತ ಅರ್ಥ. ಬರೀ ಗಾಡಿಯ ಸದ್ದಲ್ಲ. ನಿಲ್ದಾಣದ ಘೋಷಣೆ, ಕಣಿವೆಯಲ್ಲಿ ಹಾರನ್ನು ಮಾರ್ದನಿಸುವುದು, ಗಾಡಿ ಮುಂದೆ ಹೋದ ಮೇಲೆ ಹಳಿಯ ಪಕ್ಕ ಉಳಿಯುವ ಹುಳಗಳ ರಾತ್ರಿ. ಒಂದೆರಡು ಕಡೆ ಚಕ್ರದ ತಾಳವನ್ನೇ ಹಿಗ್ಗಿಸಿ ಸಂಗೀತ ಮಾಡಿದ್ದಾರೆ, ಹಳೆಯ ತಂಡದ ಚಾಳಿ ಪೂರ್ತಿ ಬಿಟ್ಟಿಲ್ಲ.

ಇದಕ್ಕೊಬ್ಬ ಹಿರಿಯರ ಋಣವೂ ಇದೆ. ಪ್ಯಾರಿಸ್ಸಿನ ರೇಡಿಯೋದಲ್ಲಿದ್ದ ಪಿಯೆರ್ ಶೆಫರ್ ಎಂಬ ಎಂಜಿನಿಯರ್ 1948ರಲ್ಲಿ ಬಾಟಿನ್ಯೋಲ್ ರೈಲು ನಿಲ್ದಾಣಕ್ಕೆ ಹೋಗಿ ಎಂಜಿನ್ನುಗಳ ಸದ್ದು ಮುದ್ರಿಸಿ, ತುಂಡು ಮಾಡಿ, ಜೋಡಿಸಿ ಸುಮಾರು ಮೂರು ನಿಮಿಷದ ಒಂದು ಕೃತಿ ಮಾಡಿದರು. ಅದೇ ವರ್ಷ ಅಕ್ಟೋಬರ್ 5ರಂದು ಅದು ರೇಡಿಯೋದಲ್ಲಿ ಬಂತು. ಮುದ್ರಿಸಿದ ಶಬ್ದವನ್ನೇ ಸ್ವರದ ಹಾಗೆ ಬಳಸುವ ಪದ್ಧತಿಗೆ ಅದೇ ಮೊದಲ ಹೆಜ್ಜೆ ಎಂದು ಲೆಕ್ಕ. ವಾಟ್ಸನ್ ತಮ್ಮ ರೈಲನ್ನು ಶೆಫರ್ ಅವರ ರೈಲಿನ ಹಿಂದೆಯೇ ಬಿಟ್ಟಿದ್ದಾರೆ.

ಈಗ ನಮ್ಮ ರೈಲು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್ ಗೇಜಿನಲ್ಲಿ ಓಡುತ್ತಿದ್ದ ರೈಲ್‌ಬಸ್ ನೆನಪಿರುವವರು ಕೈ ಎತ್ತಿ ಎಂದೆ. ಅರ್ಧಕ್ಕರ್ಧ ಸಭೆ ಕೈ ಎತ್ತಿತು. ಬಸ್ಸನ್ನೇ ಹಳಿಯ ಮೇಲೆ ಇಟ್ಟ ಹಾಗಿದ್ದ ಆ ಗಾಡಿ ಆನಂದಪುರ, ಸಾಗರ ಎಂದು ಕಾಡು ಗದ್ದೆ ನಡುವೆ ಹೋಗುತ್ತಿತ್ತು. ಅದರ ಸದ್ದು ಬಲ್ಲಿರಾ? 'ಟಕಟಕ್, ಟಕಟಕ್.' ಈಗ ಅದೇ ದಾರಿಯಲ್ಲಿ ಬ್ರಾಡ್‌ಗೇಜ್ ರೈಲು ಓಡುತ್ತದೆ, ಬೆಂಗಳೂರಿಗೂ ಹೋಗುತ್ತದೆ, ಎಲ್ಲ ಒಳ್ಳೆಯದೇ. ಆದರೆ ಆ ಟಕಟಕ್ ಹೋಯಿತು. ಕಾರಣ ಗೇಜಲ್ಲ. ಹಿಂದೆ ಹಳಿಯ ತುಂಡುಗಳು 12-13 ಮೀಟರ್ ಉದ್ದ, ಎರಡು ತುಂಡುಗಳ ನಡುವೆ ಬೇಸಿಗೆಯಲ್ಲಿ ಹಿಗ್ಗಲು ಬೆರಳಿಗಿಂತ ಕಿರಿದಾದ ಸಂದು, ಪಕ್ಕದಲ್ಲಿ ಬೋಲ್ಟು ಹಾಕಿದ ಪಟ್ಟಿ. ಚಕ್ರ ಆ ಸಂದು ದಾಟಿದಾಗಲೆಲ್ಲ ಒಂದು ಪೆಟ್ಟು. ಈಗ ಹಳಿಗಳನ್ನು ಬೆಸುಗೆ ಹಾಕಿ ಉದ್ದಕ್ಕೂ ಒಂದೇ ಮಾಡುತ್ತಾರೆ. ಸಂದಿಲ್ಲ, ಪೆಟ್ಟೂ ಇಲ್ಲ. ಹಳೆಯ ಹಳಿಯಲ್ಲಿ ಲೆಕ್ಕ ಮಾಡುವುದನ್ನು ನಮ್ಮ ಸೋದರಮಾವ ಕಲಿಸಿದ್ದರು: 12 ಮೀಟರಿನ ತುಂಡಾದರೆ ಸೆಕೆಂಡಿಗೊಂದು ಸಲ ಸದ್ದು ಬಂದರೆ ಗಾಡಿ ಗಂಟೆಗೆ ಸುಮಾರು 43 ಕಿಲೋಮೀಟರ್ ವೇಗದಲ್ಲಿದೆ. ಈಗ ಕಣ್ಣು ಮುಚ್ಚಿ ಕೂತರೆ ವೇಗ ಗೊತ್ತಾಗುವುದಿಲ್ಲ. ರೈಲ್‌ಬಸ್ಸಿನ ಫೋಟೋಗಳು ಸಿಗುತ್ತವೆ. ಅದರ ಸದ್ದನ್ನು ಒಳಗೆ ಕೂತು ನೆಟ್ಟಗೆ ಹಿಡಿದದ್ದು ನನ್ನ ಬಳಿ ಅರ್ಧ ನಿಮಿಷವೂ ಇಲ್ಲ. ನೂರು ಸಲ ಅದರಲ್ಲಿ ಓಡಾಡಿದೆ, ಒಂದು ಸಲವೂ ಗುಂಡಿ ಒತ್ತಲಿಲ್ಲ. ಆಗ ರೆಕಾರ್ಡರ್ ಇತ್ತು, ಹಾಡು ಕೇಳಲು ಇಟ್ಟುಕೊಂಡಿದ್ದೆ.

ಇನ್ನೊಂದು ಕೆಲಸವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್ಫಾರ್ನ್ ದ್ವೀಪದಲ್ಲಿ ಸುಮಾರು ಕ್ರಿ.ಶ. 700ರಲ್ಲಿ ಮಠದ ಸನ್ಯಾಸಿಯೊಬ್ಬರು ಚಿತ್ರಾಕ್ಷರದ ಒಂದು ಹಸ್ತಪ್ರತಿ ಬರೆದರು. ಬರೆಯುತ್ತಿದ್ದಾಗ ಅವರ ಕಿವಿಗೆ ಏನು ಬೀಳುತ್ತಿತ್ತು? 2013ರಲ್ಲಿ ವಾಟ್ಸನ್ ನಾಲ್ಕು ಋತುಗಳಿಗೆ ನಾಲ್ಕು ತುಣುಕು ಮಾಡಿ ಇದಕ್ಕೆ ಉತ್ತರ ಕೊಡಲು ಹೊರಟರು. ಈಗಿನ ಕಾಲದ ಎಂಜಿನ್ನು, ವಿಮಾನ ಇಲ್ಲದ ಹೊತ್ತು ಹುಡುಕಿ, ಆಗಲೂ ಇದ್ದಿರಬಹುದಾದ ಹಕ್ಕಿ, ಸೀಲು, ಅಲೆ, ಗಾಳಿಯನ್ನು ಹಿಡಿದರು. ಅದನ್ನು ಕೇಳಿದ ಮೇಲೆ ನಾನು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಅಂಗಳದಲ್ಲಿ ಒಂದು ಬೆಳಗಿನ ಜಾವ ಮೈಕ್ ಇಟ್ಟೆ. ಕೆಳದಿ ಅರಸರು ಕೇಳಿದ್ದರಲ್ಲಿ ಏನು ಉಳಿದಿದೆ ನೋಡೋಣ ಎಂಬ ಹುಚ್ಚು. ಸಿಳ್ಳಾರ ಹಕ್ಕಿ ಇತ್ತು, ಜೀರುಂಡೆ ಇತ್ತು. ಕಳೆಯಬೇಕಾದದ್ದೇ ಹೆಚ್ಚಿತ್ತು: ಹಾಲಿನ ಗಾಡಿ, ಹುಲ್ಲು ಕತ್ತರಿಸುವ ಯಂತ್ರ, ದೂರದಲ್ಲೆಲ್ಲೋ ಪಂಪ್‌ಸೆಟ್. ಅಕೇಶಿಯಾ ನೆಡುತೋಪಿನಲ್ಲಿ ಇಟ್ಟಾಗ ಬೇರೆಯದೇ ಸಮಸ್ಯೆ. ಅಲ್ಲಿ ಕಳೆಯುವುದಕ್ಕೂ ಏನಿಲ್ಲ, ಒಣ ಎಲೆ ಬೀಳುವುದನ್ನು ಎಣಿಸಬಹುದು.

ಜೋಗದಲ್ಲಿ ಏನು ಕೇಳಿಸುತ್ತದೆ ಎನ್ನುವುದು ಇನ್ನೂ ವಿಚಿತ್ರ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕರಲ್ಲಿ ಘರ್ಜಿಸುವವನು ಎಂದು ಸದ್ದಿನ ಮೇಲೆ ಹೆಸರು ಪಡೆದವನು ರೋರರ್ ಒಬ್ಬನೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅವನ ಗಂಟಲು ಗೇಟಿನ ಕೈಯಲ್ಲಿದೆ. ಮಾರ್ಚಿಯಲ್ಲಿ ನಾನು ಅಲ್ಲಿ ಹಿಡಿದ ಇಪ್ಪತ್ತು ನಿಮಿಷದಲ್ಲಿ ಪ್ರವಾಸಿಗರ ಸೆಲ್ಫಿ ಮಾತುಗಳು ಚೆನ್ನಾಗಿ ಬಂದಿವೆ.

ಜಗತ್ತೆಲ್ಲ ಸುತ್ತಿದ ವಾಟ್ಸನ್ 2013ರಲ್ಲಿ ಶೆಫೀಲ್ಡಿಗೇ ವಾಪಸಾಗಿ, ಊರ ಹೊರಗಿನ ಬೋಳುಗುಡ್ಡಗಳಿಂದ ನಗರದ ನಡುವಿನವರೆಗೆ ಶಬ್ದದ ನಕ್ಷೆಯೊಂದನ್ನು ಮಾಡಿ ಅಲ್ಲಿಯ ಗ್ಯಾಲರಿಯಲ್ಲಿ ಕೇಳಿಸಿದರು. ಸುತ್ತ ಸ್ಪೀಕರುಗಳು, ನಡುವೆ ಜನ. ಅದಕ್ಕೂ ಮುಂಚೆ, 2010ರಲ್ಲಿ, ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಗಾಜಿನ ತಾಳೆಮನೆಯೊಳಗೆ ಗಿಡಗಳ ನಡುವೆ ಸ್ಪೀಕರು ಅಡಗಿಸಿ ಅಮೆರಿಕ ಖಂಡದ ಮಳೆಕಾಡಿನ ಮುಂಜಾವು ಮುಸ್ಸಂಜೆಗಳನ್ನು ಕೇಳಿಸಿದ್ದರು. ಗಿಡ ಬಂದಿತ್ತು, ಅದರ ಕಾಡಿನ ಸದ್ದು ಬಂದಿರಲಿಲ್ಲ, ಅದನ್ನು ತಂದುಕೊಟ್ಟರು ಅನ್ನಬಹುದು. ಆದರೆ ನನಗೆ ಶೆಫೀಲ್ಡಿನ ನಕ್ಷೆಯೇ ದೊಡ್ಡದು. ಕ್ಯೂ ಉದ್ಯಾನಕ್ಕೆ ಬಂದವರು ಆ ಕಾಡನ್ನು ಕೇಳಿರಲಿಲ್ಲ, ಬೆರಗಾಗುವುದು ಸುಲಭ. ಶೆಫೀಲ್ಡಿನವರಿಗೆ ಅವರ ಮನೆ ಹಿಂದಿನ ಹೊಳೆಯನ್ನೇ ಕೇಳಿಸಿ ನಿಲ್ಲಿಸುವುದು ಕಷ್ಟದ ಕೆಲಸ.

ಕಸುಬಿನ ಬಗ್ಗೆ ಯುವಕರು ಕೇಳಿದ್ದರಿಂದ ಒಂದೆರಡು ಮಾತು. ಮಲೆನಾಡಿನಲ್ಲಿ ಮೈಕಿನ ಶತ್ರು ತೇವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಸಾಮಾನ್ಯ ಕಂಡೆನ್ಸರ್ ಮೈಕು ಎರಡನೆಯ ರಾತ್ರಿಗೆ ಒಗ್ಗರಣೆ ಸಿಡಿದ ಹಾಗೆ ಚಟಪಟ ಅನ್ನಲು ಶುರು. ವಾಟ್ಸನ್ ಬಳಸುವ ಸೆನ್‌ಹೈಸರ್ ಎಂಕೆಎಚ್ ಜಾತಿಯವು ಬೇರೆ ತತ್ವದ ಮೇಲೆ ನಡೆಯುವುದರಿಂದ ತೇವ ತಡೆಯುತ್ತವೆ, ಬೆಲೆ ಕೇಳಿದರೆ ನಾವು ತಡೆಯುವುದಿಲ್ಲ. ನಾನು ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡುತ್ತೇನೆ. ಅಮ್ಮ ಅಡಿಕೆ ಅಟ್ಟದ ಮೇಲಿಡು ಅಂದಿದ್ದರು, ಹೊಗೆಗೆ ಹೆದರಿ ಇಟ್ಟಿಲ್ಲ. ಮಳೆಯ ಹನಿ ನೇರ ಮೈಕಿಗೆ ಬಿದ್ದರೆ ಬಾಂಬು ಬಿದ್ದ ಹಾಗೆ ಕೇಳುತ್ತದೆ, ಅದಕ್ಕೆ ಮೇಲೊಂದು ತೆಂಗಿನ ನಾರಿನ ದಪ್ಪ ಹೊದಿಕೆ ಕಟ್ಟಿದರೆ ಹನಿ ಸದ್ದಿಲ್ಲದೆ ಒಡೆಯುತ್ತದೆ. ಗಾಳಿಗೆಂದು ರೋಮದ ಕವಚ ಸಿಗುತ್ತದೆ. ನನ್ನದನ್ನು ಪಕ್ಕದ ಮನೆಯ ನಾಯಿ ಅಳಿಲೆಂದು ತಿಳಿದು ಕಚ್ಚಿಕೊಂಡು ಓಡಿತು. ಆ ಇಡೀ ಬೇಟೆ ರೆಕಾರ್ಡ್ ಆಗಿದೆ, ನನ್ನ ಬೈಗುಳದ ಸಮೇತ.

ಇನ್ನು ಹೊತ್ತು. ಚಳಿಗಾಲದ ನಸುಕಿನಲ್ಲಿ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯದು ಕೂತಿರುತ್ತದೆ. ಮೇಲಕ್ಕೆ ಹೋಗಿಬಿಡಬೇಕಾದ ಶಬ್ದ ಆಗ ಕೆಳಕ್ಕೆ ಬಾಗಿ ಬರುತ್ತದೆ. ಮೂರು ಕಿಲೋಮೀಟರ್ ದೂರದ ಯಕ್ಷಗಾನದಾಟದ ಚಂಡೆ ಬೆಳಗಿನ ಜಾವ ಹಿತ್ತಲಲ್ಲೇ ಬಡಿದ ಹಾಗೆ ಕೇಳುವುದು ಅದಕ್ಕೇ. ಅಪ್ಪಯ್ಯನಿಗೆ ಇದರ ವಿಜ್ಞಾನ ಗೊತ್ತಿರಲಿಲ್ಲ. 'ಬೆಳಗಾಗುವಾಗ ವಾಲ್ಯೂಮ್ ಅರ್ಧ ಇಳಿಸು, ಸಾಕಾಗ್ತದೆ, ಬ್ಯಾಟರಿ ಉಳೀತದೆ' ಎನ್ನುತ್ತಿದ್ದರು.

ಕೊನೆಗೆ ಪ್ರಶ್ನೆ. ಒಬ್ಬ ಹುಡುಗ ಇದೆಲ್ಲ ಫೋನಿನಲ್ಲಿ ಆಗುತ್ತದಾ ಎಂದ. ಆಗುತ್ತದೆ. ಏರೋಪ್ಲೇನ್ ಮೋಡಿಗೆ ಹಾಕು, ರೆಕಾರ್ಡ್ ಒತ್ತು, ಎಲ್ಲಾದರೂ ಇಡು. ಮುಖ್ಯವಾಗಿ, ಇಟ್ಟು ಹೋಗು. ನಿನ್ನ ಉಸಿರು, ನಿನ್ನ ಪ್ಯಾಂಟಿನ ಸರಪರ, ನಿನ್ನ ಎಂಜಲು ನುಂಗುವ ಸದ್ದು ಎಲ್ಲ ಅದಕ್ಕೆ ಕೇಳುತ್ತದೆ. ಇಪ್ಪತ್ತು ನಿಮಿಷ ಅದರ ಹತ್ತಿರ ಸುಳಿಯಬೇಡ ಎಂದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಕೂತಿದ್ದರು. ರಣಹದ್ದು ಬಂದಾಗ ಮುಖ ಕಿವುಚದೆ ಕೇಳಿದ್ದವರು. 'ಫೋನು ಕಳ್ದೋದ್ರೆ ನೀವು ಕೊಡ್ತೀರಾ?' ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಮೂರು ದಿನ ಬಿಟ್ಟು ಆ ಮೊಮ್ಮಗಳಿಂದ ಒಂದು ಧ್ವನಿ ಕಡತ ಬಂತು. ಅಜ್ಜಿಯ ಫೋನನ್ನು ಅವರ ಅರಿವಿಗೆ ಬಾರದ ಹಾಗೆ ಸಂಜೆ ಕೊಟ್ಟಿಗೆಯ ಗೋದಲಿ ಪಕ್ಕದ ಗೂಡಿನಲ್ಲಿ ಇಟ್ಟಿದ್ದಳಂತೆ. 22 ನಿಮಿಷ. ಮೊದಲು ಕತ್ತಿನ ಗಂಟೆ, ಹುಲ್ಲು ಎಳೆಯುವ ಸದ್ದು. ಆಮೇಲೆ ಹಸು ಮಲಗುತ್ತದೆ, ದೊಡ್ಡದೊಂದು ಉಸಿರು ಬಿಡುತ್ತದೆ, ಮೆಲುಕು ಹಾಕುತ್ತದೆ. ಹೊಟ್ಟೆಯಿಂದ ಗುಟುಕು ಮೇಲೆ ಬರುವುದು, ದವಡೆ ನಿಧಾನವಾಗಿ ಅರೆಯುವುದು, ಮತ್ತೆ ಗುಟುಕು. ಹೊರಗೆ ಸಣ್ಣಗೆ ಮಳೆ ಇದೆ, ಹಂಚಿನ ಮಾಡಿರಬೇಕು. ಹತ್ತೊಂಬತ್ತನೆಯ ನಿಮಿಷದಲ್ಲಿ ತುಂಬ ದೂರದಿಂದ, ಒಳಮನೆಯಿಂದ, ಅಜ್ಜಿಯ ಧ್ವನಿ: 'ಏ ಕೂಸೇ, ನನ್ ಫೋನ್ ಎಲ್ಲಿಟ್ಯೇ?' ಹಸು ಒಂದು ಕ್ಷಣ ಮೆಲುಕು ನಿಲ್ಲಿಸಿ, ಮತ್ತೆ ಶುರುಮಾಡುತ್ತದೆ.